ಜಾಲದ ಹೆಬ್ಬಾಗಿಲ ಕೀಲಿ ಯಾರ ಕೈಯಲ್ಲಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರೊಂದಿಗೆ ಜಗತ್ತಿನಾದ್ಯಂತ ಸುಸ್ಥಿತಿಯಲ್ಲಿರುವ ಅಸಂಖ್ಯ ಗಣಕಯಂತ್ರಗಳು ಹಳೆಯವು ಎನಿಸಿಕೊಂಡವು. ಅವುಗಳಿಗೆ ಲಿನಕ್ಸ್ ಅಳವಡಿಸಿಕೊಂಡರೆ ಇನ್ನೂ ಹತ್ತು ವರ್ಷ ಬಾಳಿಸಬಹುದೆಂಬ ಸಲಹೆ ಎಲ್ಲೆಡೆ ಕೇಳಿಬಂತು. ಸಲಹೆ ಸರಿಯೇ. ಆದರೆ ಅದನ್ನು ಪಾಲಿಸಿದವರು ಬಹುಬೇಗ ಇನ್ನೊಂದು ಗೋಡೆಗೆ ಎದುರಾಗುತ್ತಾರೆ. ಹಳೆಯ ಯಂತ್ರದಲ್ಲಿ ಪತ್ರ ಬರೆಯಬಹುದು, ಲೆಕ್ಕ ಇಡಬಹುದು, ಸಂಗೀತ ಕೇಳಬಹುದು; ಅಂತರ್ಜಾಲದ ನಾಲ್ಕು ಪುಟಗಳನ್ನು ಒಟ್ಟಿಗೆ ತೆರೆದರೆ ಮಾತ್ರ ಅದು ಏದುಸಿರು ಬಿಡುತ್ತದೆ. ಇಂದು ಗಣಕದ ಆಯಸ್ಸನ್ನು ನಿರ್ಧರಿಸುತ್ತಿರುವುದು ಅದರ ಬಿಡಿಭಾಗಗಳ ಸವೆತವಲ್ಲ, ಜಾಲಪುಟಗಳ ತೂಕ.

ಈ ತೂಕವನ್ನು ಹೊರಲು ನಿರಾಕರಿಸಿದ ಕೆಲವು ಮುಕ್ತ ತಂತ್ರಾಂಶಗಳಿವೆ. ಅವುಗಳಲ್ಲೊಂದು ‘ಡಿಲ್ಲೊ’ ಎಂಬ ಪುಟ್ಟ ಬ್ರೌಸರ್. ಚಿಲಿ ದೇಶದ ಹೋರ್ಹೆ ಅರೆಯಾನೊ ಸಿದ್ 1999ರ ಡಿಸೆಂಬರ್‌ನಲ್ಲಿ ಇದನ್ನು ಆರಂಭಿಸಿದರು. ಕೆಲವೇ ಮೆಗಾಬೈಟ್ ಸ್ಮೃತಿಯಲ್ಲಿ ಕೆಲಸ ಮಾಡುವ ಈ ಬ್ರೌಸರ್, ಅಂತರ್ಜಾಲದ ಮಾಹಿತಿ ಎಲ್ಲರಿಗೂ ದಕ್ಕುವಂತೆ ಅದನ್ನು ಪ್ರಜಾಸತ್ತಾತ್ಮಕಗೊಳಿಸುವುದು ತನ್ನ ಗುರಿಯೆಂದು ಮೊದಲಿನಿಂದಲೂ ಸಾರಿಕೊಂಡು ಬಂದಿದೆ. ಬಡವರ ಹಳೆಯ ಯಂತ್ರ, ನಿಧಾನಗತಿಯ ದೂರವಾಣಿ ಸಂಪರ್ಕ, ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ತಂತ್ರಾಂಶ ಇದು. ಇಂತಹ ಬ್ರೌಸರ್ ಇಂದು ಪ್ರಸ್ತುತವೇ? ಪ್ರಸ್ತುತವಾಗಿ ಉಳಿಯಬೇಕಾದರೆ ಯಾರು ಏನು ಮಾಡಬೇಕು? ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಸಾರ್ವಜನಿಕ ನೀತಿಯ ಪ್ರಶ್ನೆ ಎಂಬುದು ಈ ಲೇಖನದ ವಾದ.

ಮೊದಲಿಗೆ ಸಮಸ್ಯೆಯ ಸ್ವರೂಪವನ್ನು ನೋಡೋಣ. ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ನೀಡಿದ ಜಾಲವು ಮೂಲತಃ ದಾಖಲೆಗಳ ಜಾಲ. ಶೀರ್ಷಿಕೆ, ಪರಿಚ್ಛೇದ, ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ, ಇಷ್ಟೇ ಅದರ ಬಂಡವಾಳ. ಅದನ್ನು ಓದಿ ತೋರಿಸುವ ತಂತ್ರಾಂಶವನ್ನು ಒಬ್ಬಿಬ್ಬರು ಬರೆಯಬಹುದಿತ್ತು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ, ಅಕ್ಷರಗಳನ್ನಷ್ಟೇ ತೋರಿಸುವ ‘ಲಿಂಕ್ಸ್’ ಬ್ರೌಸರ್ ಇಂದಿಗೂ ಬಳಕೆಯಲ್ಲಿದೆ. 1995ರಲ್ಲಿ ಜಾವಾಸ್ಕ್ರಿಪ್ಟ್ ಬಂತು. ಪುಟವು ಓದುವ ಹಾಳೆಯಾಗಿದ್ದುದು ಕ್ರಮೇಣ ನಡೆಯುವ ಯಂತ್ರವಾಯಿತು. ಬ್ಯಾಂಕು, ಅಂಚೆ, ನಕ್ಷೆ, ಚಲನಚಿತ್ರ ಎಲ್ಲವೂ ಬ್ರೌಸರಿನೊಳಗೆ ಬಂದವು. ಇದರಿಂದ ಜನರಿಗೆ ಆದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಪ್ರಕ್ರಿಯೆಯಲ್ಲಿ ಬರಿದೇ ಓದಬೇಕಾದ ಪುಟವೂ ಯಂತ್ರದ ವೇಷ ತೊಟ್ಟಿತು. ಇಂದು ಒಂದು ಸಾಮಾನ್ಯ ಮುಖಪುಟದ ಗಾತ್ರ ಎರಡು ಮೆಗಾಬೈಟಿಗೂ ಹೆಚ್ಚು. ಇಷ್ಟು ಜಾಗದಲ್ಲಿ ಕನ್ನಡದ ಒಂದು ದಪ್ಪ ಕಾದಂಬರಿಯ ಅಕ್ಷರಗಳನ್ನೇ ತುಂಬಬಹುದು. ಪುಟದಲ್ಲಿ ಓದಲು ಇರುವುದು ಮಾತ್ರ ಮುನ್ನೂರು ಪದ.

ಇಂತಹ ಪುಟಗಳನ್ನು ಅರ್ಥೈಸಿ ತೆರೆಗೆ ತರುವ ತಿರುಳಿಗೆ ‘ಎಂಜಿನ್’ ಎನ್ನುತ್ತಾರೆ. ಬಸ್ಸಿನ ಬಾಡಿ ಕಟ್ಟುವುದು ಬೇರೆ, ಎಂಜಿನ್ ತಯಾರಿಸುವುದು ಬೇರೆ ಎಂಬುದು ನಮಗೆಲ್ಲ ತಿಳಿದದ್ದೇ. ಬ್ರೌಸರಿನಲ್ಲೂ ಹಾಗೆಯೇ. ಹೊರನೋಟಕ್ಕೆ ಹತ್ತಾರು ಬ್ರೌಸರ್‌ಗಳಿದ್ದರೂ ಸಮಕಾಲೀನ ಜಾಲವನ್ನು ಪೂರ್ಣವಾಗಿ ನಿಭಾಯಿಸುವ ಎಂಜಿನ್‌ಗಳು ಇಂದು ಉಳಿದಿರುವುದು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್ ಮತ್ತು ಮೊಜಿಲ್ಲಾದ ಗೆಕ್ಕೊ. ನಾರ್ವೆಯ ಒಪೆರಾ ತನ್ನದೇ ಎಂಜಿನನ್ನು 2013ರಲ್ಲಿ ಕೈಬಿಟ್ಟಿತು. ಅಪಾರ ಸಂಪತ್ತಿನ ಮೈಕ್ರೋಸಾಫ್ಟ್ ಕೂಡ 2018ರ ಡಿಸೆಂಬರ್‌ನಲ್ಲಿ ಕೈಚೆಲ್ಲಿ, ಗೂಗಲ್ ಮುನ್ನಡೆಸುವ ಕ್ರೋಮಿಯಂ ತಂತ್ರಾಂಶದ ಮೊರೆಹೊಕ್ಕಿತು. ಕ್ರೋಮಿಯಂನ ಮೂಲಸಂಕೇತ ಕೋಟಿಗೂ ಮಿಕ್ಕಿದ ಸಾಲುಗಳಷ್ಟಿದೆ. ಮೈಕ್ರೋಸಾಫ್ಟಿಗೇ ದುಬಾರಿಯೆನಿಸಿದ್ದು ನಾಲ್ಕಾರು ಸ್ವಯಂಸೇವಕರಿಗೆ ಸಾಧ್ಯವೇ ಎಂಬ ಪ್ರಶ್ನೆ ಸಹಜ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಚಿತ್ರ. ಮಾರುಕಟ್ಟೆಯಲ್ಲಿ ನೆಲೆಯೂರಿದ ಸಂಸ್ಥೆಯು ತನ್ನ ವಸ್ತುವಿನ ಬೆಲೆ ಏರಿಸಿದಾಗ ಮಾತ್ರ ಏಕಸ್ವಾಮ್ಯದ ದುಷ್ಪರಿಣಾಮ ಕಾಣುತ್ತದೆಂದು ಪಠ್ಯಪುಸ್ತಕದ ಮೊದಲ ಅಧ್ಯಾಯ ಹೇಳುತ್ತದೆ. ಮುಂದಿನ ಅಧ್ಯಾಯಗಳು ಇನ್ನೊಂದು ಮಾರ್ಗವನ್ನು ತೋರಿಸುತ್ತವೆ: ಬೆಲೆಯನ್ನು ಶೂನ್ಯದಲ್ಲೇ ಇರಿಸಿ, ಪ್ರತಿಸ್ಪರ್ಧಿಯ ವೆಚ್ಚವನ್ನು ಏರಿಸುವುದು. ಜಾಲದ ಮಾನಕಗಳು ಪ್ರತಿವರ್ಷ ಬೆಳೆಯುತ್ತಿವೆ. ಬಳಕೆದಾರರಲ್ಲಿ ಸುಮಾರು ಮೂರನೇ ಎರಡು ಭಾಗ ಯಾರ ಬ್ರೌಸರ್ ಬಳಸುತ್ತಾರೋ ಅವರು ಸೇರಿಸಿದ ಹೊಸ ಸೌಲಭ್ಯವನ್ನು ತಾಣಗಳು ಬಳಸತೊಡಗುತ್ತವೆ. ಉಳಿದವರು ಅದನ್ನು ಅಳವಡಿಸಿಕೊಳ್ಳದಿದ್ದರೆ ‘ಕೆಟ್ಟ ಬ್ರೌಸರ್’ ಎನಿಸಿಕೊಳ್ಳುತ್ತಾರೆ. ಇದರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಉದ್ದೇಶ ಏನೇ ಇರಲಿ, ಪ್ರವೇಶದ ಗೋಡೆ ಮಾತ್ರ ವರ್ಷವರ್ಷವೂ ಎತ್ತರವಾಗುತ್ತದೆ.

ಡಿಲ್ಲೊದ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನ. ಅದನ್ನು ಹಣ್ಣುಗಾಯಿ ಮಾಡಿದ್ದು ಒಂದೇ ಶತ್ರುವಲ್ಲ. ಮೊದಲಿಗೆ, ಅದು ಆಶ್ರಯಿಸಿದ್ದ ಜಿಟಿಕೆ ಎಂಬ ಗವಾಕ್ಷಿ ತಂತ್ರಾಂಶದ ಹಳೆಯ ಆವೃತ್ತಿಯನ್ನು ಲಿನಕ್ಸ್ ವಿತರಕರು ಕೈಬಿಟ್ಟರು. ಹಗುರವೆಂದು ನಂಬಿ 2008ರಲ್ಲಿ ಎಫ್‌ಎಲ್‌ಟಿಕೆಯ ಎರಡನೆಯ ಆವೃತ್ತಿಗೆ ವಲಸೆ ಹೋದರೆ, ಆ ಆವೃತ್ತಿಯೇ ಸ್ಥಿರಗೊಳ್ಳಲಿಲ್ಲ. 2011ರಲ್ಲಿ ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ಆಮೇಲೆ ಬಂದದ್ದು ಗೂಢಲಿಪಿಯ ಕಾಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ಬೇಹುಗಾರಿಕೆಯ ನಂತರ ಜಾಲತಾಣಗಳು ಸುರಕ್ಷಿತ ಸಂಪರ್ಕಕ್ಕೆ ಸಾಲುಗಟ್ಟಿ ಬದಲಾದವು. ವಿಕಿಪೀಡಿಯಾ 2015ರಲ್ಲಿ ತನ್ನೆಲ್ಲ ಸಂಚಾರವನ್ನು ಅದಕ್ಕೆ ವರ್ಗಾಯಿಸಿತು. ಬದಲಾವಣೆ ಸ್ವಾಗತಾರ್ಹವೇ, ಆದರೆ ಸುರಕ್ಷಿತ ಸಂಪರ್ಕದ ಸೌಲಭ್ಯ ಇನ್ನೂ ಪ್ರಾಯೋಗಿಕ ಹಂತದಲ್ಲಿದ್ದ ಡಿಲ್ಲೊಗೆ ಜಾಲದ ಬಹುಭಾಗ ಮಂಕಾಯಿತು. 2015ರ ಆವೃತ್ತಿಯ ಬಳಿಕ ಯೋಜನೆ ಮೌನವಾಯಿತು. ಕೊನೆಗೆ ಅದರ ಜಾಲ ವಿಳಾಸವೂ ಕೈತಪ್ಪಿಹೋಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ ಎಂಬುದೇ ಮುಕ್ತ ತಂತ್ರಾಂಶದ ವಿಶೇಷ. ಖಾಸಗಿ ಕಂಪನಿಯ ಉತ್ಪನ್ನವಾಗಿದ್ದರೆ ಅದರ ಮೂಲಸಂಕೇತ ಯಾವುದೋ ಬೀರುವಿನಲ್ಲಿ ಗೆದ್ದಲು ಹಿಡಿಯುತ್ತಿತ್ತು. ಡಿಲ್ಲೊದ ಮೂಲಸಂಕೇತ ಎಲ್ಲರ ಸ್ವತ್ತಾಗಿದ್ದರಿಂದ ಹೊಸ ತಲೆಮಾರಿನ ಅಭಿವೃದ್ಧಿಗಾರರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಸುಮಾರು ಒಂಬತ್ತು ವರ್ಷಗಳ ನಂತರ, 2024ರ ಮೇ ತಿಂಗಳಲ್ಲಿ ಆವೃತ್ತಿ 3.1 ಬಿಡುಗಡೆಯಾಯಿತು. ಸುರಕ್ಷಿತ ಸಂಪರ್ಕವನ್ನು ಬ್ರೌಸರಿನ ಒಡಲಿಗೇ ತಂದರು. ಪುಟದ ಅಂಚಿಗೆ ಚಿತ್ರ, ಕೋಷ್ಟಕಗಳನ್ನು ಸರಿಸಿ ನಿಲ್ಲಿಸುವ ವಿನ್ಯಾಸವನ್ನು ಸೇರಿಸಿದರು. 2025ರ ಜನವರಿಯ ಆವೃತ್ತಿಯಲ್ಲಿ ವಿಕಿಪೀಡಿಯಾದ ಗಣಿತ ಸೂತ್ರಗಳು ಕಾಣಿಸುವಂತಾಯಿತು. ಜಾವಾಸ್ಕ್ರಿಪ್ಟ್ ಮಾತ್ರ ಇಂದಿಗೂ ಇಲ್ಲ.

ಗಮನಿಸಬೇಕಾದದ್ದು ಇಲ್ಲಿನ ಆಯ್ಕೆಯ ಕ್ರಮವನ್ನು. ಪುನರುಜ್ಜೀವನಕ್ಕೆ ಕೈಹಾಕಿದವರು ಕ್ರೋಮ್‌ನ ಬೆನ್ನು ಹತ್ತಲಿಲ್ಲ. ಓದಲು ಯಾವುದು ಅನಿವಾರ್ಯವೋ ಅದನ್ನು ಮಾತ್ರ ಸೇರಿಸಿದರು. 2002ರಲ್ಲಿ ರಿಸ್ಕ್ ಓಎಸ್ ಎಂಬ ಬ್ರಿಟಿಷ್ ವ್ಯವಸ್ಥೆಗಾಗಿ ಆರಂಭವಾದ ‘ನೆಟ್‌ಸರ್ಫ್’ ಕೂಡ ತನ್ನದೇ ಹಗುರ ಎಂಜಿನ್‌ನೊಂದಿಗೆ ಇದೇ ಹಾದಿಯಲ್ಲಿದೆ. ಹಗುರ ಬ್ರೌಸರ್ ಪ್ರಸ್ತುತವಾಗಿ ಉಳಿಯುವ ಮೊದಲ ಸೂತ್ರ ಇದು: ಎಲ್ಲವನ್ನೂ ಮಾಡುವ ಹಟ ಬಿಟ್ಟು, ಓದಿಸುವ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದು.

ಇದಕ್ಕೆ ಆಕ್ಷೇಪಗಳಿವೆ. ಅವನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಮೊದಲನೆಯದು ಭದ್ರತೆ. ದೊಡ್ಡ ಬ್ರೌಸರಿನ ಹಿಂದೆ ನೂರಾರು ಭದ್ರತಾ ತಜ್ಞರಿರುತ್ತಾರೆ. ಹಗುರ ಬ್ರೌಸರಿನ ಹಿಂದೆ ರಾತ್ರಿ ಬಿಡುವಿನಲ್ಲಿ ದುಡಿಯುವ ನಾಲ್ಕು ಮಂದಿ. ಅಪರಿಚಿತ ತಾಣದ ಜಾವಾಸ್ಕ್ರಿಪ್ಟ್ ನಮ್ಮ ಯಂತ್ರದಲ್ಲಿ ಓಡುವುದೇ ಇಲ್ಲವೆಂಬುದು ಒಂದು ರಕ್ಷಣೆ ನಿಜ. ಆದರೆ ಅದೊಂದೇ ಸಾಲದು. ಬ್ಯಾಂಕಿನ ವ್ಯವಹಾರವನ್ನು ಡಿಲ್ಲೊದಲ್ಲಿ ಮಾಡಿ ಎಂದು ನಾನು ಯಾರಿಗೂ ಹೇಳಲಾರೆ, ಮಾಡಹೋದರೂ ಅದು ಆಗದು. ನಿತ್ಯದ ಓದಿಗೆ ಒಂದು, ವ್ಯವಹಾರಕ್ಕೆ ಇನ್ನೊಂದು ಎಂದು ಎರಡು ಬ್ರೌಸರ್ ಇರಿಸಿಕೊಳ್ಳುವುದೇ ವಿವೇಕ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಕ್ರೋಮಿಯಂ ಕೂಡ ಮುಕ್ತ ತಂತ್ರಾಂಶವೇ ಅಲ್ಲವೇ? ಬೇಕಾದವರು ಅದನ್ನೇ ಬದಲಿಸಿಕೊಳ್ಳಬಹುದಲ್ಲ? ಕಾನೂನಿನ ದೃಷ್ಟಿಯಿಂದ ಹೌದು. ಆದರೆ ಕೋಟಿಗಟ್ಟಲೆ ಸಾಲುಗಳ ತಂತ್ರಾಂಶವನ್ನು ಪ್ರತ್ಯೇಕವಾಗಿ ಮುನ್ನಡೆಸುವ ಸಾಮರ್ಥ್ಯ ಬೆರಳೆಣಿಕೆಯ ಸಂಸ್ಥೆಗಳಿಗೆ ಮಾತ್ರ ಇದೆ. ಓದುವ ಹಕ್ಕು ಎಲ್ಲರಿಗೂ ಇದ್ದು, ಓದಿ ಮುಗಿಸಲು ನೂರು ವರ್ಷ ಬೇಕಾಗುವ ಕಡತದಂತೆ ಅದು. ಇದಕ್ಕೆ ತದ್ವಿರುದ್ಧವಾದ ನಿದರ್ಶನ ಚರಿತ್ರೆಯಲ್ಲಿದೆ. ಕೆಡಿಇ ಎಂಬ ಸ್ವಯಂಸೇವಕ ಸಮುದಾಯ ‘ಕೆಎಚ್‌ಟಿಎಂಎಲ್’ ಎಂಬ ಎಂಜಿನನ್ನು ಬರೆದಿತ್ತು. ಆಪಲ್ ತನ್ನ ಸಫಾರಿ ಬ್ರೌಸರನ್ನು 2003ರ ಜನವರಿಯಲ್ಲಿ ಪ್ರಕಟಿಸಿದಾಗ ಅದರ ತಳಹದಿ ಈ ಎಂಜಿನ್ ಎಂದು ತಿಳಿಸಿತು. 1,40,000 ಸಾಲುಗಳಿಗಿಂತ ಕಡಿಮೆ ಇದ್ದ ಅದರ ಚಿಕ್ಕದಾದ, ಅಚ್ಚುಕಟ್ಟಾದ ರಚನೆಯೇ ಆಯ್ಕೆಗೆ ಕಾರಣವಾಗಿತ್ತು. ಅದರಿಂದ ವೆಬ್‌ಕಿಟ್ ಹುಟ್ಟಿತು; ವೆಬ್‌ಕಿಟ್‌ನಿಂದ 2013ರಲ್ಲಿ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಇಂದು ಜಗತ್ತನ್ನು ಆಳುತ್ತಿರುವ ಎರಡು ಎಂಜಿನ್‌ಗಳ ಮುತ್ತಜ್ಜ ಕೆಲವೇ ಮಂದಿ ಬರೆದ ಹಗುರ ತಂತ್ರಾಂಶ ಎಂಬುದನ್ನು ಮರೆಯಬಾರದು. ಚಿಕ್ಕ ಸಸಿಗಳಿಲ್ಲದ ಕಾಡಿನಲ್ಲಿ ನಾಳೆಗೆ ಮರಗಳಿರುವುದಿಲ್ಲ.

ಒಬ್ಬನೇ ಯಜಮಾನನಿದ್ದರೆ ಏನಾಗುತ್ತದೆಂಬುದನ್ನೂ ನಾವು ಒಮ್ಮೆ ನೋಡಿದ್ದೇವೆ. ಮೈಕ್ರೋಸಾಫ್ಟ್ 2001ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಹೊರತಂದು, ಎದುರಾಳಿಗಳಿಲ್ಲವೆಂದು ಖಚಿತವಾದ ಮೇಲೆ ಐದು ವರ್ಷ ಮುಂದಿನ ಆವೃತ್ತಿಯನ್ನೇ ಕೊಡಲಿಲ್ಲ. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಬಂದಮೇಲೆಯೇ ಅದು ಮೈಮುರಿದು ಎದ್ದದ್ದು. ಆ ಕಾಲದಲ್ಲಿ ಭಾರತೀಯ ಭಾಷೆಗಳ ಅನೇಕ ತಾಣಗಳು ಆ ಒಂದೇ ಬ್ರೌಸರ್ ಅರಿಯುವ ಡೈನಮಿಕ್ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಬೇರೆ ಬ್ರೌಸರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಕಾಣುತ್ತಿತ್ತು. ಯೂನಿಕೋಡ್ ನಮ್ಮನ್ನು ಆ ಬಂಧನದಿಂದ ಬಿಡಿಸಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಮಾನಕವನ್ನು ಅನುಸರಿಸಿದ ಪುಟಗಳು ಮಾತ್ರ ಉಳಿದವು.

ಕನ್ನಡದ ಪ್ರಸ್ತಾಪ ಬಂದುದರಿಂದ ಹಗುರ ಬ್ರೌಸರ್‌ಗಳ ಒಂದು ಕೊರತೆಯನ್ನೂ ಹೇಳಬೇಕು. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಲು ‘ಹಾರ್ಫ್‌ಬಝ್’ನಂತಹ ಅಕ್ಷರವಿನ್ಯಾಸದ ತಂತ್ರಾಂಶ ಬೇಕು. ತೂಕ ಇಳಿಸುವ ಭರದಲ್ಲಿ ಇದನ್ನು ಬಿಟ್ಟ ಬ್ರೌಸರಿನಲ್ಲಿ ಕನ್ನಡದ ಅಕ್ಷರಗಳು ಕಳಚಿದ ಮಣಿಗಳಂತೆ ಚದುರಿ ಬೀಳುತ್ತವೆ. ಇಂಗ್ಲಿಷ್ ಓದುಗನಿಗೆ ಅನಗತ್ಯ ಭಾರವೆನಿಸಿದ್ದು ನಮಗೆ ಪ್ರಾಣ. ಯಾವುದು ಹಗುರ, ಯಾವುದು ಅನಿವಾರ್ಯ ಎಂದು ತೀರ್ಮಾನಿಸುವ ಜಾಗದಲ್ಲಿ ನಮ್ಮವರು ಇಲ್ಲದಿದ್ದರೆ ತೀರ್ಮಾನ ನಮ್ಮ ಪರವಾಗಿ ಇರುವುದಿಲ್ಲ. ಬೆಂಗಳೂರಿನಂತಹ ನಗರವಿರುವ ರಾಜ್ಯದಿಂದ ಈ ಯೋಜನೆಗಳಿಗೆ ನಾಲ್ಕು ಕೈಗಳಾದರೂ ಸೇರಬಾರದೇ?

ಹಣದ ಪ್ರಶ್ನೆಗೆ ಬರೋಣ. ಉಳಿದಿರುವ ಏಕೈಕ ದೊಡ್ಡ ಸ್ವತಂತ್ರ ಬ್ರೌಸರ್ ಫೈರ್‌ಫಾಕ್ಸ್‌ನ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದ. ಅಂದರೆ ಎದುರಾಳಿಯ ಊಟದ ಖರ್ಚನ್ನು ಯಜಮಾನನೇ ಕೊಡುತ್ತಿದ್ದಾನೆ. ತನ್ನ ಶೋಧವನ್ನು ಮೊದಲ ಆಯ್ಕೆಯಾಗಿ ಇರಿಸಲು ಗೂಗಲ್ 2021ರಲ್ಲಿ ವಿವಿಧ ಸಂಸ್ಥೆಗಳಿಗೆ 2,630 ಕೋಟಿ ಡಾಲರ್ ಪಾವತಿಸಿತ್ತು ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ದಾಖಲಾಯಿತು. ಶೋಧ ಕ್ಷೇತ್ರದಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು. ಆದರೆ 2025ರ ಸೆಪ್ಟೆಂಬರ್‌ನ ಪರಿಹಾರ ಆದೇಶದಲ್ಲಿ ಏಕಮಾತ್ರ ಒಪ್ಪಂದಗಳನ್ನು ನಿಷೇಧಿಸಿದರೇ ಹೊರತು ಕ್ರೋಮ್ ಮಾರಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ನಮ್ಮ ಸ್ಪರ್ಧಾ ಆಯೋಗವೂ ಆಂಡ್ರಾಯ್ಡ್ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದಿಂದ ಯಜಮಾನನಿಗೆ ಎಚ್ಚರಿಕೆ ಕೊಡಬಹುದು. ಹೊಸ ಎಂಜಿನ್ ಹುಟ್ಟಿಸಲಾಗದು.

ಹುಟ್ಟಿಸಲು ಕೇಂದ್ರ ಸರ್ಕಾರ ಒಂದು ಪ್ರಯತ್ನ ಮಾಡಿತು. 2023ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಸ್ವದೇಶಿ ಬ್ರೌಸರ್‌ಗಾಗಿ ಸ್ಪರ್ಧೆ ಪ್ರಕಟಿಸಿತು. 2025ರ ಮಾರ್ಚ್‌ನಲ್ಲಿ ಜೋಹೊ ಸಂಸ್ಥೆಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ದೊರೆಯಿತು. ಅಭಿನಂದನೀಯವೇ. ಆದರೆ ಆ ಸಂಸ್ಥೆಯ ‘ಉಲಾ’ ಬ್ರೌಸರ್ ನಿಂತಿರುವುದು ಕ್ರೋಮಿಯಂ ತಳಹದಿಯ ಮೇಲೆ. ಬಾಡಿ ನಮ್ಮದು, ಎಂಜಿನ್ ಅವರದೇ. ಇದು ಸ್ಪರ್ಧಿಗಳ ದೋಷವಲ್ಲ. ಎಂಜಿನ್ ಕಟ್ಟಲು ಬೇಕಾದ ದೀರ್ಘಾವಧಿಯ ಹಣವನ್ನು ಬಹುಮಾನದ ಮೊತ್ತ ಭರಿಸಲಾರದು. ಹೋಲಿಕೆಗೆ, ಹೊಸ ಎಂಜಿನನ್ನು ಬುಡದಿಂದ ಬರೆಯುತ್ತಿರುವ ‘ಲೇಡಿಬರ್ಡ್’ ಯೋಜನೆ 2024ರ ಜುಲೈನಲ್ಲಿ ಲಾಭೋದ್ದೇಶವಿಲ್ಲದ ಸಂಸ್ಥೆಯಾಗಿ ರೂಪುಗೊಂಡಾಗ ಅದಕ್ಕೆ ಹತ್ತು ಲಕ್ಷ ಡಾಲರ್ ದೇಣಿಗೆಯ ಆಧಾರವಿತ್ತು. ಮೊಜಿಲ್ಲಾ ಆರಂಭಿಸಿ, 2020ರಲ್ಲಿ ಸಿಬ್ಬಂದಿ ಕಡಿತದ ನಂತರ ಲಿನಕ್ಸ್ ಫೌಂಡೇಶನ್‌ಗೆ ಹೋದ ‘ಸರ್ವೊ’ ಎಂಜಿನ್ ಕೂಡ ಮತ್ತೆ ಚೇತರಿಸಿಕೊಂಡಿದೆ. ಇಂತಹವುಗಳಿಗೆ ನಮ್ಮ ಸಾರ್ವಜನಿಕ ಹಣದ ಒಂದು ಸಣ್ಣ ಪಾಲು, ನಮ್ಮ ಭಾಷೆಗಳ ಕೆಲಸಕ್ಕೆಂದು ನಿಗದಿಯಾಗಿ ಸಂದರೆ ಅದು ಬಹುಮಾನಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಇಷ್ಟಾದರೂ, ಹಗುರ ಬ್ರೌಸರಿನ ಭವಿಷ್ಯ ಅದನ್ನು ಬರೆಯುವವರ ಕೈಯಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಪುಟಗಳನ್ನು ಬರೆಯುವವರ ಕೈಯಲ್ಲಿದೆ. ಅವರಲ್ಲಿ ನಾವು ಆಗ್ರಹಿಸಬಹುದಾದವರು ಯಾರು? ಸಿನಿಮಾ ತೋರಿಸುವ ಕಂಪನಿಯನ್ನೋ ಬಟ್ಟೆ ಮಾರುವ ತಾಣವನ್ನೋ ಅಲ್ಲ. ಅವರು ತಮಗೆ ಬೇಕಾದಂತೆ ಪುಟ ಕಟ್ಟಿಕೊಳ್ಳಲಿ. ಆದರೆ ಸರ್ಕಾರಿ ಆದೇಶ, ಅಧಿಸೂಚನೆ, ಪರೀಕ್ಷಾ ಫಲಿತಾಂಶ, ಪಹಣಿ, ಮತದಾರರ ಪಟ್ಟಿ, ಆಸ್ಪತ್ರೆಯ ವೇಳಾಪಟ್ಟಿ ಇವೆಲ್ಲ ಮೂಲತಃ ಓದುವ ದಾಖಲೆಗಳು. ಇವನ್ನು ಪಡೆಯಲು ನಾಗರಿಕನು ಇಂತಹದೇ ಕಂಪನಿಯ ಬ್ರೌಸರ್, ಇಷ್ಟೇ ಹೊಸ ಮೊಬೈಲು ಇಟ್ಟುಕೊಂಡಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವೆಯ ಕೈಪಿಡಿ ಈ ತತ್ವವನ್ನು ಸ್ಪಷ್ಟವಾಗಿ ಒಪ್ಪಿದೆ: ಮೊದಲು ಸರಳ ಪುಟ ಕೆಲಸ ಮಾಡಬೇಕು, ಅಲಂಕಾರ, ಚಲನೆಗಳನ್ನು ಅದರ ಮೇಲೆ ಪದರಪದರವಾಗಿ ಸೇರಿಸಬೇಕು, ಮೇಲಿನ ಪದರ ಕಳಚಿದರೂ ಕೆಳಗಿನದು ನಿಲ್ಲಬೇಕು.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. ಇ-ಆಡಳಿತದಲ್ಲಿ ಮುಕ್ತ ಮಾನಕಗಳ ನೀತಿ 2010ರಲ್ಲೇ ಬಂದಿದೆ. ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ರಚನೆಯಾಗಿ, 2023ರಲ್ಲಿ ಪರಿಷ್ಕೃತ ಮೂರನೆಯ ಆವೃತ್ತಿಯಾಗಿ ಹೊರಬಂದಿದೆ. ಡಿಜಿಟಲ್ ಸೌಲಭ್ಯಗಳ ಲಭ್ಯತೆಯು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆ ಮೊಕದ್ದಮೆ ಅಂಗವಿಕಲರಿಗೆ ಸಂಬಂಧಿಸಿದ್ದು. ಆದರೆ ತೆರೆಯನ್ನು ಓದಿಹೇಳುವ ತಂತ್ರಾಂಶವನ್ನು ನಂಬಿರುವ ಅಂಧರಿಗೆ ಯಾವ ಪುಟ ಸುಲಭವೋ ಹಗುರ ಬ್ರೌಸರಿಗೂ ಬಹುಮಟ್ಟಿಗೆ ಅದೇ ಪುಟ ಸುಲಭ. ಕ್ರಮಬದ್ಧ ಶೀರ್ಷಿಕೆಗಳು, ಚಿತ್ರಕ್ಕೊಂದು ವಿವರಣೆ, ಸ್ಕ್ಯಾನ್ ಮಾಡಿದ ಚಿತ್ರದ ಬದಲು ಯೂನಿಕೋಡ್ ಪಠ್ಯ: ಒಂದು ಕಲ್ಲಿಗೆ ಎರಡು ಹಣ್ಣು.

ಸರ್ಕಾರಿ ಸೇವೆಯಲ್ಲಿ ಟೆಂಡರ್ ಕಡತಗಳೊಂದಿಗೆ ಹಲವು ವರ್ಷ ಕಳೆದ ನನ್ನ ಅನುಭವದಲ್ಲಿ, ನೀತಿಗೂ ಆಚರಣೆಗೂ ನಡುವಿನ ಕಂದಕ ಮುಚ್ಚುವುದು ಭಾಷಣದಿಂದಲ್ಲ. ಬಿಲ್ ಪಾವತಿಯ ಷರತ್ತಿನಿಂದ. ಆದ್ದರಿಂದ ಸಲಹೆ ಸರಳವಾದುದು. ಜಾಲತಾಣದ ಗುತ್ತಿಗೆಯಲ್ಲಿ ಯಾವುದೇ ಬ್ರೌಸರಿನ ಹೆಸರು ಬರೆಯದೆ ಮಾನಕವನ್ನು ಮಾತ್ರ ಬರೆಯಬೇಕು. ಕೊನೆಯ ಕಂತು ಬಿಡುಗಡೆಯಾಗುವ ಮೊದಲು ತಾಣದ ಮಾಹಿತಿ ಪುಟಗಳನ್ನು ಜಾವಾಸ್ಕ್ರಿಪ್ಟ್ ಇಲ್ಲದ ಒಂದು ಬ್ರೌಸರಿನಲ್ಲಿ, ಅಧಿಕಾರಿಯ ಎದುರಿನಲ್ಲೇ ತೆರೆದು ತೋರಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನ ಬೇಡ, ಸಮಿತಿಯಂತೂ ಬೇಡವೇ ಬೇಡ. ಹಳೆಯ ಗಣಕ, ಉಚಿತವಾಗಿ ದೊರೆಯುವ ಡಿಲ್ಲೊ ಮತ್ತು ಹದಿನೈದು ನಿಮಿಷಗಳಿದ್ದರೆ ಸಾಕು.

ಬಳಕೆದಾರನ ಯಂತ್ರ ಮತ್ತು ಬ್ರೌಸರ್ ‘ವಿಶ್ವಾಸಾರ್ಹ’ವೇ ಎಂದು ತಾಣಗಳು ಪರೀಕ್ಷಿಸುವಂತೆ ಮಾಡುವ ಪ್ರಸ್ತಾವವೊಂದನ್ನು ಗೂಗಲ್‌ನ ತಂತ್ರಜ್ಞರು 2023ರಲ್ಲಿ ಮುಂದಿಟ್ಟಿದ್ದರು. ತೀವ್ರ ವಿರೋಧ ಬಂದುದರಿಂದ ಅದೇ ವರ್ಷದ ನವೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು. ಅದು ಜಾರಿಗೆ ಬಂದಿದ್ದರೆ ಅಪರಿಚಿತ ಬ್ರೌಸರ್ ಬಳಸುವವನು ಬಾಗಿಲಲ್ಲೇ ನಿಲ್ಲಬೇಕಾಗಬಹುದೆಂಬ ಭಯ ವಿರೋಧಿಸಿದವರದಾಗಿತ್ತು. ಇಂತಹ ಪ್ರಸ್ತಾವ ಇನ್ನೊಂದು ಹೆಸರಿನಲ್ಲಿ ಮತ್ತೆ ಬರಲಾರದೆಂಬ ಖಾತರಿ ಇಲ್ಲ. ಆಗ ‘ಇಲ್ಲ, ಬೇರೆ ಬ್ರೌಸರ್ ಬಳಸುವವರೂ ಇದ್ದಾರೆ’ ಎಂದು ಹೇಳಲು ಬೇರೆ ಬ್ರೌಸರ್‌ಗಳು ಜೀವಂತವಾಗಿರಬೇಕು, ಅವುಗಳಲ್ಲಿ ತೆರೆದುಕೊಳ್ಳುವ ಪುಟಗಳೂ ಇರಬೇಕು. ಡಿಲ್ಲೊವನ್ನು ಲಕ್ಷಾಂತರ ಮಂದಿ ಬಳಸುವ ಕಾಲ ಬರಲಾರದು. ಅದರ ಅಗತ್ಯವೂ ಇಲ್ಲ. ಸಾರ್ವಜನಿಕ ದಾಖಲೆಯೊಂದನ್ನು ಯಾರ ಅಪ್ಪಣೆಯೂ ಇಲ್ಲದೆ, ಯಾವ ಯಂತ್ರದಿಂದಲಾದರೂ ಓದಬಹುದು ಎಂಬ ಸ್ಥಿತಿ ಉಳಿದಿದೆಯೇ ಇಲ್ಲವೇ ಎಂಬುದಕ್ಕೆ ಅದು ಅಳತೆಗೋಲು. ಅಳತೆಗೋಲು ಮುರಿದ ಮೇಲೆ ಎಷ್ಟು ಕಳೆದುಕೊಂಡೆವೆಂದು ಲೆಕ್ಕ ಹಾಕುವುದೂ ಸಾಧ್ಯವಾಗುವುದಿಲ್ಲ.